ತಗೋಬಹುದು, ಭಾವ

ಶಿರಾಳಕೊಪ್ಪ ದಾಟಿದ ಮೇಲೂ ಈಶ್ವರನಿಗೆ ಆ ಒಂದು ಮಾತು ಕಿವಿಯಿಂದ ಇಳಿಯಲಿಲ್ಲ. ಬೆಳಿಗ್ಗೆ ಶಿಕಾರಿಪುರ ಬಿಡುವಾಗ ಬಸ್ ನಿಲ್ದಾಣದ ಎದುರು ಪರಿಚಯದ ಯಾರೋ ಕೈ ಮಾಡಿ ಎಲ್ಲಿಗೆ ಸವಾರಿ ಎಂದು ಕೇಳಿದ್ದರು. ಅಕ್ಕನ ಗಂಡ ಕೊಟ್ರೇಶಪ್ಪ ಕಾರಿನ ಗಾಜಿಳಿಸಿ, "ಸೊರಬಕ್ಕೆ. ಒಂದು ದೊಡ್ಡ ಗಾಡಿ ಐತಂತೆ, ಸೆಕೆಂಡ್ ಹ್ಯಾಂಡು. ಮೆಕ್ಯಾನಿಕ್ಕನ್ನೂ ಕರ್ಕಂಡ್ ಹೊಂಟೀನಿ" ಎಂದಿದ್ದ. ನನ್ನ ಹೆಂಡತಿ ತಮ್ಮ ಎನ್ನಬಹುದಿತ್ತು. ಈಶ್ವರ ಎನ್ನಬಹುದಿತ್ತು. ಕೇಳಿದವರು ಬಗ್ಗಿ ಪಕ್ಕದ ಸೀಟಿನತ್ತ ಒಂದು ಸಲ ನೋಡಿ, ಅಷ್ಟಕ್ಕೇ ಸಮಾಧಾನವಾದವರಂತೆ ತಲೆಯಾಡಿಸಿದ್ದರು. ಹುಬ್ಬಳ್ಳಿಯಲ್ಲಿ ಪರದೇಶದ ಗಾಡಿಗಳ ಸರ್ವಿಸ್ ವಿಭಾಗದಲ್ಲಿ ಅಷ್ಟು ವರ್ಷ ಕೆಲಸ ಮಾಡಿದಾಗ ಈಶ್ವರ ಒಂದು ದಿನವೂ ಪಾನಾ, ಸ್ಕ್ರೂಡ್ರೈವರ್ ಹಿಡಿದವನಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಾಜಿನ ಮೇಜಿನ ಹಿಂದೆ ಕೂತು, ಒಳಗೆ ಕೆಲಸಗಾರರು ಹೇಳಿದ್ದನ್ನು ಹೊರಗಿನ ಸಾಹುಕಾರರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಅವನ ಕೆಲಸವಾಗಿತ್ತು. ಅದನ್ನು ಭಾವನಿಗೆ ಎಷ್ಟೋ ಸಲ ಹೇಳಿದ್ದ. ಭಾವ ಎಷ್ಟೋ ಸಲ ಹೌದಾ ಎಂದಿದ್ದ. ಈಗ ಭಾವನ ಕಟ್ಟಡದಲ್ಲೇ ಚಕ್ರ ಅಲೈನ್ಮೆಂಟಿನ ಅಂಗಡಿ ಇಟ್ಟುಕೊಂಡ ಮೇಲೆ ಹಾಗೆ ತಿದ್ದುವುದಕ್ಕೂ ನಾಲಿಗೆ ಏಳುತ್ತಿರಲಿಲ್ಲ. ಅಕ್ಕನ ಮಗಳು ಬಿಂದುಶ್ರೀಯ ಮದುವೆಯ ದಿನ ಸೋದರಮಾವನಾಗಿ ರೇಷ್ಮೆ ಪಂಚೆ ಉಟ್ಟು ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತಿದ್ದವನ ಹೆಗಲ ಮೇಲೆ ಕೈಯಿಟ್ಟು ಭಾವ, "ಈಶ್ವರ, ಹೊರಗೆ ಗಾಡಿ ಯದ್ವಾತದ್ವಾ ನಿಂತಾವೆ, ಒಂಚೂರು ಸಾಲಾಗಿ ಹಚ್ಚಿಸಪ್ಪ" ಎಂದಿದ್ದ. ಆ ಬಿಸಿಲಿನಲ್ಲಿ ಬಲಕ್ಕೆ, ಎಡಕ್ಕೆ, ಇನ್ನೂ ಹಿಂದಕ್ಕೆ ಎಂದು ಕೈ ಬೀಸುತ್ತ ನಿಂತಾಗ ಒಳಗಿನಿಂದ ಗಟ್ಟಿಮೇಳದ ಸದ್ದು ಕೇಳಿಸಿತ್ತು. ಅಕ್ಷತೆಯ ಅಕ್ಕಿ ಅವನ ಮುಷ್ಟಿಯಲ್ಲೇ ಬೆವರಿಗೆ ಅಂಟಿಕೊಂಡಿತ್ತು. ಭಾವನಿಗೆ ಅದು ಈಗ ನೆನಪೂ ಇರಲಾರದು. ನೆನಪಿಲ್ಲದವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ದಣಿವಿನ ಕೆಲಸವೆಂದು ಈಶ್ವರ ಯೋಚಿಸುತ್ತಿರುವಾಗಲೇ ಕೊಟ್ರೇಶಪ್ಪ ಕಾರಿನ ವೇಗ ತಗ್ಗಿಸಿ, "ಇದೇ ಮನಿ ಇರ್ಬೇಕು ನೋಡು" ಎಂದ.

ಸೊರಬದ ಹೊರಗೆ, ರಸ್ತೆಗೆ ಮುಖ ಮಾಡಿದ ಹೊಸ ಮನೆ. ಅಂಗಳದಲ್ಲಿ ಗಾಡಿ ನಿಂತಿತ್ತು. ಕಪ್ಪು ಬಣ್ಣ, ಆಗಷ್ಟೇ ತೊಳೆದ ಮೈ. ಎಂಥವರೂ ಒಂದು ಕ್ಷಣ ಮಾತು ನಿಲ್ಲಿಸಿ ನೋಡಬೇಕಾದ ಎತ್ತರ. ಹೊಸದರಲ್ಲಿ ಇದನ್ನು ಕೊಳ್ಳುವ ಯೋಚನೆಯನ್ನೇ ಈ ತಾಲ್ಲೂಕುಗಳಲ್ಲಿ ಯಾರೂ ಮಾಡಲಾರರು. ಹಳತಾಗಿ ಬೆಲೆ ಬಿದ್ದಾಗ ಮಾತ್ರ ಇಂಥ ಗಾಡಿಗಳು ದೊಡ್ಡ ಊರಿನಿಂದ ಸಣ್ಣ ಊರಿಗೆ ಇಳಿದು ಬರುತ್ತವೆ, ತಮ್ಮ ಕಾಯಿಲೆಗಳನ್ನೆಲ್ಲ ಒಳಗಿಟ್ಟುಕೊಂಡು. ಅದು ಈಶ್ವರನಿಗೆ ಗೊತ್ತಿತ್ತು. ಒಡೆಯ ತೀರ್ಥೇಶ್ ರಸ್ತೆ ಕೆಲಸದ ಗುತ್ತಿಗೆದಾರ, ನಗುಮುಖದವನು, ಬಿಳಿ ಅಂಗಿಯ ತೋಳು ಮಡಚಿಕೊಂಡೇ ಗೇಟಿನ ತನಕ ಬಂದ. "ಬನ್ನಿ ಬನ್ನಿ. ವಾರ ಆಯ್ತು ಮಾರಾಯ್ರೆ, ಅಂಗಳ ಬಿಟ್ಟು ಹೊರಗೇ ತೆಗೆದಿಲ್ಲ. ನಂಗೆ ಓಡಾಟ ಕಮ್ಮಿ ಆಯ್ತು. ನಿಂತಲ್ಲೇ ಹಾಳಾಗೋದು ಬೇಡ ಅಂತ ಕೊಡ್ತಾ ಇರೋದು, ಇಲ್ಲಾಂದ್ರೆ ಇದನ್ನ ಯಾರಾದ್ರೂ ಕೊಡ್ತಾರಾ?" ಕೊಟ್ರೇಶಪ್ಪ ಚಪ್ಪಲಿ ಬಿಟ್ಟು ಜಗಲಿಯ ಕುರ್ಚಿಯಲ್ಲಿ ಕೂತ. ಮೆಕ್ಕೆಜೋಳದ ವ್ಯಾಪಾರದಲ್ಲಿ ಕೂದಲು ಹಣ್ಣಾದವನು, ಎಲ್ಲಿ ಹೋದರೂ ಮೊದಲು ಕೂರುತ್ತಾನೆ. "ನಂಗೇನೂ ತಿಳಿಯಂಗಿಲ್ಲ ತೀರ್ಥೇಶಣ್ಣ. ಇವನು ನೋಡ್ತಾನೆ. ಇವನು ಏನಂತಾನೋ ಅದೇ" ಎಂದ.

ಈಶ್ವರ ಗಾಡಿಯ ಸುತ್ತ ಒಂದು ಸುತ್ತು ಬಂದು, ಸುಮ್ಮನೆ ಒರಗಿದವನಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಅಂಗಳಕ್ಕೆ ಇನ್ನೂ ಬಿಸಿಲು ಬಂದಿರಲಿಲ್ಲ. ವಾರದಿಂದ ನಿಂತ ಗಾಡಿಯ ಎಂಜಿನ್ನು ಅವರು ಬರುವ ಮೊದಲೇ ಸಾಕಷ್ಟು ಹೊತ್ತು ಓಡಿತ್ತು. ತಣ್ಣಗಿರುವಾಗ ಶುರು ಮಾಡಿದರೆ ಕೇಳಿಸುವ ಯಾವುದೋ ಸದ್ದು ಯಾರ ಕಿವಿಗೂ ಬೀಳಬಾರದಿತ್ತು ಎಂದಾಯಿತು. ಅವನೊಳಗೆ ಹಳೆಯದೊಂದು ಚುರುಕು ಎದ್ದಿತು. ಬಹಳ ದಿನದಿಂದ ಬಳಸದೆ ಬಿಟ್ಟಿದ್ದ ಭಾಷೆಯಲ್ಲಿ ಯಾರೋ ಮಾತಾಡಿಸಿದ ಹಾಗೆ. ಮೊಣಕಾಲೂರಿ ಕೆಳಗೆ ಇಣುಕಿದ, ಎಣ್ಣೆಯ ಮುಚ್ಚಳ ತಿರುಗಿಸಿ ಮೂಸಿದ. ಬಾಗಿಲುಗಳ ಅಂಚಿನ ರಬ್ಬರು ಎತ್ತಿ ಒಳಗಿನ ಬೆಸುಗೆ ನೋಡಿದ. ಅಪಘಾತವಾಗಿಲ್ಲ, ನೀರಿನಲ್ಲಿ ಮುಳುಗಿಲ್ಲ. ಜೇಬಿನಿಂದ ಗಾಡಿಯ ಕಂಪ್ಯೂಟರನ್ನು ಓದುವ, ಬೆಂಕಿಪೊಟ್ಟಣದಷ್ಟು ಸಣ್ಣ ಯಂತ್ರ ತೆಗೆದು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದಾಗ ಒಂದೇ ಒಂದು ದೋಷವನ್ನೂ ತೋರಿಸಲಿಲ್ಲ. ಆದರೆ ದೋಷ ಇಲ್ಲದ ಗಾಡಿಯೇ ಬೇರೆ, ದೋಷದ ನೆನಪನ್ನು ಅಳಿಸಿದ ಗಾಡಿಯೇ ಬೇರೆ. ಅಳಿಸಿದ ಮೇಲೆ ಗಾಡಿ ತನ್ನನ್ನು ತಾನು ಮತ್ತೆ ಪರೀಕ್ಷೆ ಮಾಡಿಕೊಳ್ಳಲು ಒಂದಷ್ಟು ದೂರ ಓಡಬೇಕು. ಆ ಪರೀಕ್ಷೆ ಮುಗಿದಿಲ್ಲವೆಂದು ಮೊಬೈಲ್ ತೋರಿಸುತ್ತಿತ್ತು, ಇದು ಇನ್ನೂ ಓಡಿರಲಿಲ್ಲ. ಈಶ್ವರ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡ. ಜಗಲಿಯಿಂದ ಭಾವನ ನಗು ಕೇಳಿಸುತ್ತಿತ್ತು. ಕಾಫಿ ಬಂದಿತ್ತು. ಅಲ್ಲಿ ಕೂತವರಿಗೆ ಕಾಫಿ ಕೊಟ್ಟ ಮೇಲೆ ಅವನಿಗೆ ಲೋಟವನ್ನು ಗಾಡಿಯ ಹತ್ತಿರಕ್ಕೇ ತಂದುಕೊಟ್ಟರು.

ಕುಪ್ಪಗಡ್ಡೆಯ ಕಡೆಯ ರಸ್ತೆಯಲ್ಲಿ ಓಡಿಸಿ ನೋಡೋಣವೆಂದಾಯಿತು. ಈಶ್ವರ ಸ್ಟೇರಿಂಗ್ ಹಿಡಿದ, ಪಕ್ಕದಲ್ಲಿ ತೀರ್ಥೇಶ್. ಮುಂದೆ ಕೂರಿ ಎಂದು ಎಷ್ಟು ಹೇಳಿದರೂ ಕೇಳದೆ ಕೊಟ್ರೇಶಪ್ಪ ಹಿಂದೆ ಹೋಗಿ ಕೂತ. ಆಗಲೇ ಯಜಮಾನಿಕೆ ಶುರುವಾಯಿತು ಎಂದುಕೊಂಡ ಈಶ್ವರ. ನಾನು ಡ್ರೈವರ್. ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ಹಸಿರು ಇನ್ನೂ ನೆಲ ಹಿಡಿಯದೆ ನೀರಿನಲ್ಲಿ ತೇಲುವ ಹಾಗೆ ಕಾಣುತ್ತಿತ್ತು. ಗಾಡಿ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಒಪ್ಪದೆ ಗತಿಯಿರಲಿಲ್ಲ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ಕೂತ ಆ ಭಾರದ ಮೈ ರಸ್ತೆಯ ಗುಂಡಿಗಳನ್ನು ನುಂಗಿಕೊಂಡು ಹೋಗುತ್ತಿತ್ತು. "ಆ ಹಂಪ್ ಐತಲ್ಲ, ಸಾವಕಾಶ ಮಾಡ್ಬೇಡ, ಹಂಗೇ ಹತ್ತಿಸು" ಎಂದ ಹಿಂದಿನಿಂದ ಭಾವ. ಹತ್ತಿಸಿದ. "ಇನ್ನೊಂದು ಸಲ." ತಿರುಗಿಸಿಕೊಂಡು ಬಂದು ಮತ್ತೆ ಹತ್ತಿಸಿದ. ಕನ್ನಡಿಯಲ್ಲಿ ನೋಡಿದರೆ ಕೊಟ್ರೇಶಪ್ಪ ಕಣ್ಣು ಮುಚ್ಚಿ, ಒಂದು ಕೈಯನ್ನು ತನ್ನ ಸೊಂಟದ ಹಿಂದೆ ಇಟ್ಟುಕೊಂಡು ಕೂತಿದ್ದ. ಸುಖ ಪಡುತ್ತಿದ್ದಾನೆ ಎಂದುಕೊಂಡ ಈಶ್ವರ. ಸೊಸೈಟಿಯ ಚುನಾವಣೆ ಬರುತ್ತಿದೆ, ತನ್ನ ಜೋಳದ ಮಂಡಿಯ ಮುಂದೆ ಈ ಗಾಡಿಯಿಂದ ಇಳಿದರೆ ಹೇಗೆ ಕಾಣುತ್ತದೆಂದು ಲೆಕ್ಕ ಹಾಕುತ್ತಿದ್ದಾನೆ.

ಗಾಡಿಯ ಕಾಯಿಲೆ ತಿಳಿದದ್ದು ಹಿಂತಿರುಗುವ ದಾರಿಯ ಒಂದು ಸಣ್ಣ ಏರಿನಲ್ಲಿ. ಎರಡನೆಯ ಗೇರಿನಿಂದ ಮೂರನೆಯದಕ್ಕೆ ತಾನಾಗಿ ಬದಲಾಗುವಾಗ ಗಾಡಿ ನಡುಗಿತು. ಹಿಂದೆ ಕೂತವರಿಗೆ ತಿಳಿಯುವಂಥದ್ದಲ್ಲ. ಜ್ವರ ಬರುವ ಮೊದಲು ಮೈಯಲ್ಲಿ ಒಂದು ಸಣ್ಣ ಚಳಿ ಹಾದುಹೋಗುತ್ತದಲ್ಲ, ಅಷ್ಟೇ. ಈಶ್ವರನ ಪಾದಕ್ಕೆ ತಿಳಿಯಿತು, ಅಂಗೈಗೆ ತಿಳಿಯಿತು. ವೇಗ ತಗ್ಗಿಸಿ ಮತ್ತೆ ಏರಿಸಿದ. ಮತ್ತೆ ಬಂತು. ಗೇರ್‌ಬಾಕ್ಸ್ ಒಳಗಿನಿಂದ ಸವೆದಿತ್ತು. ಇನ್ನೊಂದು ಮಳೆಗಾಲ ಕಳೆಯಬಹುದು, ಕಳೆಯದಿರಬಹುದು. ಒಂದು ದಿನ ಯಾವುದಾದರೂ ಏರಿನಲ್ಲಿ ಗಾಡಿ ತನ್ನನ್ನು ತಾನೇ ಕಟ್ಟಿಹಾಕಿಕೊಂಡು, ನಡೆದು ಹೋಗುವವರ ವೇಗಕ್ಕೆ ಇಳಿಯುತ್ತದೆ. ಆಮೇಲೆ ನಿಲ್ಲುತ್ತದೆ. ಆ ಪೆಟ್ಟಿಗೆಯನ್ನು ಬಿಚ್ಚುವವರು ಶಿವಮೊಗ್ಗದಲ್ಲೂ ಸಿಗುವುದು ಕಷ್ಟ. ತೀರ್ಥೇಶ್ ಅದೇ ಹೊತ್ತಿಗೆ ಕುಪ್ಪಗಡ್ಡೆಯ ಭತ್ತದ ಬಗ್ಗೆ ಜೋರಾಗಿ ಮಾತು ತೆಗೆದದ್ದನ್ನು ಕಂಡು ಅವನಿಗೂ ಗೊತ್ತಿದೆ ಎಂಬುದು ಖಾತ್ರಿಯಾಯಿತು. ಹುಬ್ಬಳ್ಳಿಯ ಮ್ಯಾನೇಜರ್ ಹೇಳಿಕೊಟ್ಟದ್ದು ಹೀಗೆಯೇ: ಗಿರಾಕಿಗೆ ಸುಳ್ಳು ಹೇಳಬಾರದು ಈಶ್ವರ್, ನಿಜವನ್ನು ಕಂತಿನಲ್ಲಿ ಹೇಳಬೇಕು. ಮೊದಲು ವೈಪರ್ ರಬ್ಬರು, ಆಮೇಲೆ ಬ್ರೇಕು, ದೊಡ್ಡದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಕು. ಹಾಗೆ ಹೇಳುವಾಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದನ್ನೂ ಅವರು ಕಲಿಸಿದ್ದರು. ಈಶ್ವರನ ಮುಖ ತನ್ನಷ್ಟಕ್ಕೇ ಆ ಆಕಾರಕ್ಕೆ ಬಂದು ಕೂತಿತು.

ಅಂಗಳದಲ್ಲಿ ಇಳಿದಾಗ ಕೊಟ್ರೇಶಪ್ಪ ಅವನನ್ನು ಗೇಟಿನ ಹತ್ತಿರ ಕರೆದ. ತೀರ್ಥೇಶ್ ಮರ್ಯಾದೆಗೆಂಬಂತೆ ಜಗಲಿಗೆ ಸರಿದ, ಕಿವಿ ಮಾತ್ರ ಇತ್ತಲೇ ಇತ್ತು.

"ಹೆಂಗೈತೆ?"

ಈಶ್ವರ ಉತ್ತರ ಕೊಡುವುದಕ್ಕೆ ಮೊದಲು ಏನು ಯೋಚಿಸಿದನೆಂದು ಆಮೇಲೆ ಎಷ್ಟು ಕೆದಕಿದರೂ ಅವನಿಗೆ ಸರಿಯಾಗಿ ಸಿಗಲಿಲ್ಲ. ಯೋಚನೆ ಎನ್ನುವುದಕ್ಕಿಂತ ಕಂಡದ್ದು: ಮಂಡಿಯ ಎದುರು ಗಾಡಿ ನಿಂತುಹೋಗಿದೆ, ಬಾನೆಟ್ ಎತ್ತಿದೆ, ಸುತ್ತ ಹಮಾಲರು, ಲಾರಿ ಡ್ರೈವರುಗಳು, ಎಲ್ಲರೂ ಒಂದೊಂದು ಸಲಹೆ ಕೊಡುತ್ತಿದ್ದಾರೆ, ನಡುವೆ ಭಾವ ಬಿಸಿಲಿನಲ್ಲಿ ಬೆವರುತ್ತ ನಿಂತಿದ್ದಾನೆ. ಬಲಕ್ಕೆ, ಎಡಕ್ಕೆ, ಇನ್ನೂ ಹಿಂದಕ್ಕೆ ಎಂದು ಯಾರೋ ಕೈ ಬೀಸುತ್ತಿದ್ದಾರೆ. ಅದನ್ನು ಕಂಡು ಎದೆಯಲ್ಲಿ ಏನೋ ಹಿತವಾಗಿ ಸಡಿಲಗೊಂಡಿತು. ಅಷ್ಟರಲ್ಲಿ ಬಾಯಿ ಆಡಿ ಮುಗಿಸಿತ್ತು.

"ಚೆನ್ನಾಗೈತೆ. ತಗೋಬಹುದು ಭಾವ."

"ಹೌದಾ?"

"ಹ್ಞೂ. ಅಪಘಾತ ಗಿಪಘಾತ ಏನೂ ಆಗಿಲ್ಲ. ಮೈ ಗಟ್ಟಿ ಐತೆ."

ಕೊಟ್ರೇಶಪ್ಪ ಅವನ ಮುಖವನ್ನೇ ನೋಡಿದ. ಈಶ್ವರ ಗೇಟಿನ ಕಬ್ಬಿಣದ ಹೂಬಳ್ಳಿಯನ್ನು ನೋಡುತ್ತ ನಿಂತ. ಆಮೇಲೆ ಭಾವ ಜಗಲಿಗೆ ಹೋಗಿ, "ತೀರ್ಥೇಶಣ್ಣ, ಮನಿಯಾಗೆ ಒಂದು ಮಾತು ಕೇಳಿ ಫೋನ್ ಮಾಡ್ತೀನಿ" ಎಂದದ್ದು ಕೇಳಿಸಿತು. ಇವತ್ತೇ ಮಾತು ಮುಗಿಸಿ ಬರುವುದೆಂದು ಹೊರಟವನು. ತೀರ್ಥೇಶ್ ಗಾಬರಿಯಾಗಿ, "ಎಂತ ಆಯ್ತು? ನಿಮ್ಮವ್ರೇ ಚೆನ್ನಾಗಿದೆ ಅಂದ್ರಲ್ಲ?" ಎಂದು ಇಬ್ಬರನ್ನೂ ನೋಡಿದ. "ಅಂದಾನೆ, ಅಂದಾನೆ" ಎಂದು ಕೊಟ್ರೇಶಪ್ಪ ಅವನ ಕೈ ಹಿಡಿದು ಅಲ್ಲಾಡಿಸಿ ಹೊರಟ.

ಕೊಟ್ರೇಶಪ್ಪ ಶಿಕಾರಿಪುರದ ಕಡೆಗೆ ಕಾರು ತಿರುಗಿಸಿದ. ಗುಡವಿಯ ಪಕ್ಷಿಧಾಮದ ಕಡೆಗೋ ಅಲ್ಲಿಂದ ಬೇರೆಲ್ಲಿಗೋ ಹೋಗುವ ಬಿಳಿ ಹಕ್ಕಿಗಳ ಒಂದು ಸಾಲು ರಸ್ತೆಯನ್ನು ದಾಟಿತು. ಶಿರಾಳಕೊಪ್ಪ ಇನ್ನೂ ದೂರ ಇರುವಾಗ ಒಂದು ಗೂಡಂಗಡಿಯ ಮುಂದೆ ಕಾರು ನಿಲ್ಲಿಸಿ ಕೊಟ್ರೇಶಪ್ಪ ಇಬ್ಬರಿಗೂ ಚಹಾ ತಂದ. ಕಾರಿಗೆ ಒರಗಿ ನಿಂತು, ಲೋಟದೊಳಗೆ ನೋಡುತ್ತ, ಯಾರಿಗೂ ಹೇಳದವನಂತೆ ಹೇಳತೊಡಗಿದ. "ಹಿಂದಿನ ಸೀಟಲ್ಲಿ ಕುಂತು ನೋಡ್ದೆ. ಏನೂ ಹತ್ತಂಗಿಲ್ಲ ಬೆನ್ನಿಗೆ. ಈ ಕಾರಲ್ಲಿ ನಿಮ್ಮಕ್ಕನ್ನ ಮಣಿಪಾಲಕ್ಕೆ ಕರ್ಕಂಡು ಹೋಗದು ಅಂದ್ರೆ ನಂಗೆ ಹಿಂದಿನ ರಾತ್ರಿ ನಿದ್ದಿ ಬರಂಗಿಲ್ಲ. ಘಾಟಿ ಇಳಿಯವಾಗ ಒಂದು ಮಾತಾಡಂಗಿಲ್ಲ ಆಕಿ. ಸೆರಗು ಕಚ್ಕಂಡು ಕುಂತಿರ್ತಾಳೆ. ನಾನು ಕನ್ನಡೀಲಿ ನೋಡ್ತೀನಿ ಅಂತ ಮುಖ ಆ ಕಡಿ ತಿರುಗಿಸ್ತಾಳೆ. ಆಪರೇಷನ್ ಮಾಡಿದ್ರೂ ವರ್ಷಗಟ್ಟಲೆ ತೋರಿಸ್ತಾ ಇರ್ಬೇಕಂತೆ. ಇಂಥ ಗಾಡಿ ಆದ್ರೆ ತಡೀತಾಳೆ ಅಂತ ಡಾಕ್ಟ್ರೇ ಅಂದ್ರು."

ಈಶ್ವರ ಬಾಯಿಗೆತ್ತಿದ ಲೋಟವನ್ನು ಕೆಳಗಿಳಿಸಿದ. ಅಕ್ಕನಿಗೆ ಬೆನ್ನುನೋವಿದೆ ಎಂಬುದು ಗೊತ್ತಿತ್ತು. ನಡುವಯಸ್ಸು ದಾಟಿದವರಿಗೆಲ್ಲ ಇರುವಂತೆ ಇರಬಹುದು ಎಂದುಕೊಂಡಿದ್ದ. ಹೋದ ಯುಗಾದಿಗೆ ಅವನ ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಅಕ್ಕ ಗಂಗಾಶ್ರೀ ಬಾಗಿಲನ್ನು ಹಿಡಿದು ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದಳು. ಅದನ್ನು ಅವನು ಕಿಟಕಿಯೊಳಗಿಂದ ನೋಡಿದ್ದ. ಸಾಹುಕಾರನ ಹೆಂಡತಿಯಾಗಿ ಮೈ ಬಂದಿದೆ, ಇಳಿಯುವುದಕ್ಕೂ ಆಳು ಬೇಕು ಎಂದು ಮನಸ್ಸಿನಲ್ಲಿ ಅಂದಿದ್ದನೆಂಬುದು ಈಗ ಚಹಾದ ಲೋಟದ ಮೇಲೆ ತಾನಾಗಿ ಬಂದು ನಿಂತಿತು. ಹೊರಗೆ ಹೋಗಿ ಕೈ ಕೊಟ್ಟಿರಲಿಲ್ಲ. ಆಪರೇಷನ್ ಮಾತು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಿರಲಿಲ್ಲವೋ, ಹೇಳುವಾಗ ಅವನು ಭಾವನ ದನಿಯಲ್ಲಿ ಹಮ್ಮು ಹುಡುಕುತ್ತಿದ್ದನೋ. ಘಾಟಿಯ ಏರಿನಲ್ಲಿ ಕಪ್ಪು ಗಾಡಿ ನಡುಗುತ್ತದೆ. ಒಂದು ತಿರುವಿನಲ್ಲಿ ನಿಲ್ಲುತ್ತದೆ. ಹಿಂದಿನಿಂದ ಬಸ್ಸುಗಳು ಹಾರನ್ ಹಾಕುತ್ತವೆ. ಹಿಂದಿನ ಸೀಟಿನಲ್ಲಿ ಹೊಸದಾಗಿ ಹೊಲಿಗೆ ಹಾಕಿದ ಬೆನ್ನಿನ ಅಕ್ಕ.

"ಏನಾರ ಹೇಳೋದಿದ್ರೆ ಹೇಳು" ಎಂದ ಕೊಟ್ರೇಶಪ್ಪ, ಮೆಲ್ಲಗೆ.

ಈಗ ಹೇಳಬೇಕು ಎಂದುಕೊಂಡ. ಹೇಳಿದರೆ, ಅಲ್ಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಹುಬ್ಬಳ್ಳಿಯ ಗಾಜಿನ ಮೇಜಿನ ಹಿಂದಿನ ದನಿ ತಾನಾಗಿ ಹೊರಬಂತು. "ಟೈರ್ ನಾಲ್ಕೂ ಬದ್ಲಿ ಮಾಡಿಸ್ಬೇಕಾಗ್ತದೆ ಭಾವ."

"ಟೈರು" ಎಂದ ಕೊಟ್ರೇಶಪ್ಪ. ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿ, ಲೋಟ ಕೊಟ್ಟು ಬಂದು ಕಾರು ಹತ್ತಿದ.

ಭಾವನ ಮನೆ ಮುಟ್ಟಿದಾಗ ಊಟದ ಹೊತ್ತು. ಈಶ್ವರ ಅಂಗಡಿಯ ನೆಪ ಹೇಳಿ ಹೊರಡಲು ನೋಡಿದರೆ ಅಕ್ಕ ಬಿಡಲಿಲ್ಲ. ನಡುಮನೆಯಲ್ಲಿ ಬೆನ್ನು ನೇರವಿರುವ ಮರದ ಕುರ್ಚಿಯಲ್ಲಿ, ಸೀರೆಯ ಮೇಲೆ ಅಗಲವಾದ ಪಟ್ಟಿ ಬಿಗಿದುಕೊಂಡು ಕೂತಿದ್ದಳು. ಅದನ್ನು ಅವನು ಮೊದಲೂ ಕಂಡಿರಬೇಕು. ತಟ್ಟೆ ಇಟ್ಟದ್ದು, ಅಡುಗೆಮನೆಯಿಂದ ರೊಟ್ಟಿಯ ಬುಟ್ಟಿ, ಪಲ್ಯ ತಂದದ್ದು ಎಲ್ಲ ಕೊಟ್ರೇಶಪ್ಪನೇ. ಅವನ ಕೈ ಪಾತ್ರೆಗಳ ಜಾಗವನ್ನು ಹುಡುಕಲಿಲ್ಲ. ಬಹಳ ದಿನದ ರೂಢಿ ಎಂಬುದು ನೋಡಿದರೇ ತಿಳಿಯುತ್ತಿತ್ತು. "ಏನಾತ್ರೀ, ಗಾಡಿ?" ಎಂದಳು ಗಂಗಾಶ್ರೀ.

"ಬ್ಯಾಡಾತು. ನಿನ್ನ ತಮ್ಮ ಬ್ಯಾಡ ಅಂದ" ಎಂದ ಕೊಟ್ರೇಶಪ್ಪ, ಈಶ್ವರನ ತಟ್ಟೆಗೆ ರೊಟ್ಟಿ ಹಾಕುತ್ತ. "ಏನೋ ದೋಷ ಐತಂತೆ. ನಂಗೆಲ್ಲಿ ತಿಳೀಬೇಕು. ಇವನು ಇದ್ದಿದ್ದಕ್ಕೆ ಆತು."

ಅಕ್ಕನ ಮುಖ ಅರಳಿತು. "ನಾ ಹೇಳಿರ್ಲಿಲ್ವಾ? ಅವನ್ನ ಕರ್ಕಂಡ್ ಹೋಗ್ರಿ, ನಮ್ಮ ಈಶ್ವರನ್ನ ಯಾರೂ ಯಾಮಾರಿಸಕ್ಕಾಗಲ್ಲ ಅಂತ. ಏನಾಗಿತ್ತೋ ಅದಕ್ಕೆ?"

ಈಶ್ವರ ರೊಟ್ಟಿ ಮುರಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟ. ಭಾವನ ಮುಖವನ್ನು ನೇರವಾಗಿ ನೋಡಿದ. ಅವತ್ತು ಬೆಳಗಿನಿಂದ ಅದೇ ಮೊದಲು. ಕೊಟ್ರೇಶಪ್ಪ ಬುಟ್ಟಿ ಹಿಡಿದು ನಿಂತಿದ್ದ. ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಈಶ್ವರ ಹೇಳತೊಡಗಿದ. ಎರಡರಿಂದ ಮೂರಕ್ಕೆ ಬದಲಾಗುವಾಗ ಗಾಡಿ ನಡುಗುತ್ತದೆ ಅಕ್ಕ, ಗೇರ್‌ಬಾಕ್ಸ್ ಒಳಗೆ ಸವೆದಿದೆ. ನಾವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದ. ಕಂಪ್ಯೂಟರಿನಲ್ಲಿದ್ದ ದೋಷಗಳನ್ನು ಅಳಿಸಿದ್ದ. ಘಾಟಿಯ ಏರಿನಲ್ಲಿ ಎಲ್ಲಿ ಬೇಕಾದರೂ ನಿಲ್ಲುತ್ತದೆ. ರಿಪೇರಿ ಮಾಡಿಸಿದರೂ ಅದನ್ನು ನಂಬುವ ಹಾಗಿಲ್ಲ. ಒಂದಾದ ಮೇಲೊಂದು, ಕಂತಿಲ್ಲದೆ, ನಿಲ್ಲಿಸದೆ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ದನಿ ತನ್ನದೇ ಅನ್ನಿಸುತ್ತಿತ್ತು.

"ಅಬ್ಬಾ. ಇಷ್ಟೆಲ್ಲ ಅಲ್ಲೇ ಹೇಳಿದ್ಯಾ, ಆ ಮನುಷ್ಯನ ಎದುರಿಗೆ?"

"ಹ್ಞೂ, ಹೇಳ್ದ" ಎಂದ ಕೊಟ್ರೇಶಪ್ಪ.

"ಇಲ್ಲ" ಎಂದ ಈಶ್ವರ.

ಎರಡು ಮಾತೂ ಒಟ್ಟಿಗೇ ಬಿದ್ದವು. ಗಂಗಾಶ್ರೀ ಒಬ್ಬರಿಂದ ಇನ್ನೊಬ್ಬರತ್ತ ನೋಡಿದಳು. ಸೊಂಟ ತಿರುಗಿಸುವುದು ಕಷ್ಟವಾದ್ದರಿಂದ ಮೈಯನ್ನೇ ತುಸು ತಿರುಗಿಸಬೇಕಾಯಿತು.

"ಹೇಳಲಿಲ್ಲ ಅಕ್ಕ. ತಗೋಬಹುದು ಅಂದೆ ಭಾವಂಗೆ."

"ಯಾಕೆ?"

ಆ ಪ್ರಶ್ನೆಗೆ ಮದುವೆಯ ದಿನದ ಬಿಸಿಲು, ಮೆಕ್ಯಾನಿಕ್ ಎಂಬ ಮಾತು, ಗಾಡಿಯ ಹತ್ತಿರಕ್ಕೇ ಬಂದ ಕಾಫಿ ಎಲ್ಲ ಒಟ್ಟಾಗಿ ಬಾಯಿಗೆ ಬಂದವು. ಅಕ್ಕನ ಸೊಂಟದ ಪಟ್ಟಿಯ ಎದುರಿಗೆ ಅವುಗಳಲ್ಲಿ ಒಂದನ್ನೂ ಆಡುವ ಹಾಗಿರಲಿಲ್ಲ.

"ನಂಗೋಸ್ಕರ ಅಂತ ಗೊತ್ತಿರ್ಲಿಲ್ವೇನೋ?" ಅವಳ ದನಿಯಲ್ಲಿ ಇನ್ನೂ ಅವನಿಗೊಂದು ಬಾಗಿಲು ತೆರೆದಿಡುವ ಆಸೆ ಇತ್ತು.

"ಗೊತ್ತಾದ ಮೇಲೂ ಹೇಳಲಿಲ್ಲ."

ಕೊಟ್ರೇಶಪ್ಪ ಬುಟ್ಟಿಯನ್ನು ಕೆಳಗಿಟ್ಟು, "ಸಾಕು ಬಿಡು, ಉಣ್ಲಿ" ಎಂದ. ಅವಳು ಗಂಡನತ್ತ ತಿರುಗಿ, "ನಿಮಗೆ ಹೆಂಗೆ ತಿಳೀತು ಮತ್ತೆ?" ಎಂದಳು.

"ಗಾಡಿ ತಿಳಿಯಂಗಿಲ್ಲ ನಂಗೆ. ಸುಳ್ಳಲ್ಲ ಅದು" ಎಂದ. ಆಮೇಲೆ ಈಶ್ವರನನ್ನು ನೋಡದೆ, "ಹೋಗವಾಗ ದಾರಿ ಉದ್ದಕ್ಕೂ ಸಿಟ್ಟಲ್ಲಿದ್ದ. ತಗೋಬಹುದು ಅನ್ನವಾಗ ಸಿಟ್ಟು ಇರ್ಲಿಲ್ಲ. ಏನೋ ಆಗೈತೆ ಅನ್ನಿಸ್ತು. ಏನ್ ಸಿಟ್ಟು ಅಂತ ನಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು" ಎಂದ.

ಯಾರೂ ಉಣ್ಣಲಿಲ್ಲ. ಹೊರಗೆ ಬೀದಿಯಲ್ಲಿ ತರಕಾರಿ ಗಾಡಿಯವನ ಧ್ವನಿವರ್ಧಕ ಹತ್ತಿರ ಬಂದು, ದೂರ ಹೋಯಿತು. ಗಂಗಾಶ್ರೀ ಕುರ್ಚಿಯ ಕೈಗಳನ್ನು ಹಿಡಿದು ಎದ್ದಳು. ಇಬ್ಬರೂ ಒಟ್ಟಿಗೆ ಮುಂದಾದಾಗ ಅಂಗೈ ತೋರಿಸಿ ಇಬ್ಬರನ್ನೂ ಅಲ್ಲೇ ನಿಲ್ಲಿಸಿದಳು. ಗೋಡೆಯನ್ನು ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಅಡುಗೆಮನೆಗೆ ಹೋಗಿ, ತಾನೇ ಒಂದು ಚೊಂಬು ನೀರು ತುಂಬಿ ತಂದು ತಮ್ಮನ ತಟ್ಟೆಯ ಪಕ್ಕ ಇಟ್ಟಳು. ಇಡುವಾಗ ಅವಳ ತುಟಿ ಬಿಗಿದದ್ದನ್ನು, ಒಂದು ಕ್ಷಣ ಉಸಿರು ನಿಂತದ್ದನ್ನು ಈಶ್ವರ ಕಣ್ಣು ತೆಗೆಯದೆ ನೋಡಿದ.

"ಹಾವೇರೀಲಿ ಇನ್ನೊಂದು ಗಾಡಿ ಐತೆ ಅಂದಿದ್ರಲ್ಲ" ಎಂದಳು ನೇರವಾಗುತ್ತ. "ಅದಕ್ಕೆ ನಾನೂ ಬರ್ತೀನಿ. ನಂಗೆ ಆಗ್ತದೋ ಇಲ್ವೋ, ನಾನೇ ಕುಂತು ನೋಡ್ತೀನಿ. ನೀವಿಬ್ರೂ ಮುಂದೆ ಕುಂತು ಏನಾರ ಮಾಡ್ಕಳ್ರಿ."